ಮೂಡಲ ಮೂಲೆಯ ಅಟ್ಟಣಿಗೆ

ವಾಣಿಶ್ರೀ ಹತ್ತೊಂಬತ್ತು ವರ್ಷ ಕಾಲರು ಹೊಲಿದವಳು. ಅಂಗಿಯ ತೋಳು ಯಾರು ಹೊಲಿಯುತ್ತಿದ್ದರೋ, ಗುಂಡಿ ಯಾರು ಹಾಕುತ್ತಿದ್ದರೋ ಅವಳಿಗೆ ತಿಳಿಯದು. ದೊಡ್ಡಬಳ್ಳಾಪುರದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವಳ ಮುಂದೆ ಬರುತ್ತಿದ್ದದ್ದು ಕಾಲರು, ಹೋಗುತ್ತಿದ್ದದ್ದು ಕಾಲರು. ಒಂದು ನೂಲಿನಷ್ಟು ಆಚೀಚೆಯಾದರೂ ಸೂಪರ್‌ವೈಸರ್ ಕಣ್ಣಿಗಿಂತ ಮೊದಲು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ನಲವತ್ಮೂರಕ್ಕೆ ಕತ್ತಿನ ಮೂಳೆ ಸವೆಯಿತು. ತಲೆ ಬಗ್ಗಿಸಿ ಕೂತರೆ ಬಲಗೈ ಜೋಮು ಹಿಡಿಯತೊಡಗಿತು. "ಓಡಾಡೋ ಕೆಲಸ ಏನ್ ಬೇಕಾದ್ರೂ ಮಾಡಮ್ಮ, ಮೆಷಿನ್ ಮುಂದೆ ಮಾತ್ರ ಕೂತ್ಕೋಬೇಡ" ಎಂದರು ಡಾಕ್ಟರು. ಅವಳು ಟೇಪು, ಕತ್ತರಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ನಲ್ಲೂರಿನ ಪಕ್ಕದ ಗಂಡನ ಊರಿಗೆ ಬಂದು ಮನೆಯಲ್ಲಿ ಕೂತಳು. ಕೂತವಳಿಗೆ ಎಂಟೇ ದಿನಕ್ಕೆ ತಲೆ ಕೆಟ್ಟುಹೋಯಿತು.

ಆಗ ಹೊಳೆದದ್ದು ಹತ್ತು ಹನ್ನೆರಡು ಮೇಕೆ ಸಾಕುವ ಯೋಚನೆ. ಮೂರು ದಿನ ತರಬೇತಿಗೆ ಹೋಗಿಬಂದಳು. ಅಲ್ಲಿ ಮೇಕೆಗಳನ್ನು ನೆಲದ ಮೇಲೆ ಬಿಟ್ಟಿರಲಿಲ್ಲ. ಸೊಂಟದೆತ್ತರಕ್ಕೆ ಮರದ ಅಟ್ಟಣಿಗೆ ಕಟ್ಟಿ, ಹಲಗೆ ಹಲಗೆಯ ನಡುವೆ ಬೆರಳಷ್ಟು ಸಂದು ಬಿಟ್ಟಿದ್ದರು. ಹಿಕ್ಕೆ, ಗಂಜಲ ಎಲ್ಲ ಸಂದಿನಿಂದ ಕೆಳಗೆ ಬಿದ್ದುಹೋಗುತ್ತಿತ್ತು. ಗೊರಸು ಒಣಗಿರುತ್ತಿತ್ತು, ರೋಗ ಕಡಿಮೆ. ವಾಣಿಶ್ರೀಗೆ ಅದು ಬಹಳ ಹಿಡಿಸಿತು. ಮನೆಯ ಹಿತ್ತಲಲ್ಲಿ ದನಗಳು ಹೋದ ಮೇಲೆ ಹತ್ತು ವರ್ಷದಿಂದ ಬಾಗಿಲು ಹಾಕಿಕೊಂಡು ಬಿದ್ದಿದ್ದ ಕೊಟ್ಟಿಗೆ ಇದ್ದೇ ಇತ್ತು.

ಕೆಲಸಕ್ಕೆ ಆಚಾರಿಗಳು ಸಿಗಲಿಲ್ಲ. ಇದ್ದಬದ್ದವರೆಲ್ಲ ಏರ್‌ಪೋರ್ಟ್ ರಸ್ತೆಯ ವಿಲ್ಲಾಗಳಿಗೆ ಬಾಗಿಲು ಕೂರಿಸಲು ಹೋಗಿದ್ದರು. ಬಂದವನೊಬ್ಬ ಕೊಟ್ಟಿಗೆಯ ಹೊಸಿಲಲ್ಲಿ ನಿಂತು ಒಳಗೆ ಇಣುಕಿದ. ಮೂಡಲ ಕಡೆಯ ಕತ್ತಲೆ ಮೂಲೆಯನ್ನೇ ಸ್ವಲ್ಪ ಹೊತ್ತು ನೋಡಿ, "ನಾಳೆ ಬರ್ತೀನಕ್ಕ" ಎಂದು ಹೋದವನು ಆಮೇಲೆ ಫೋನನ್ನೂ ಎತ್ತಲಿಲ್ಲ.

"ನಾನೇ ಕಟ್ತೀನಿ ಬಿಡಿ" ಎಂದಳು ವಾಣಿಶ್ರೀ.

ಗಂಡ ವಸಂತ್ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವವನು. ರಾತ್ರಿಯೆಲ್ಲ ಗಾಡಿ, ಹಗಲೆಲ್ಲ ನಿದ್ದೆ. ಊಟದ ತಟ್ಟೆಯಿಂದ ತಲೆಯೆತ್ತಿ ನಕ್ಕ. "ನಿಂಗೆ ಮೊಳೆ ಹೊಡಿಯಕ್ಕೆ ಬರುತ್ತೇನೇ?"

"ಹುಟ್ತಾನೇ ಕಾಲರ್ ಹೊಲಿಯಕ್ಕೆ ಬರ್ತಿತ್ತಾ ನಂಗೆ?"

ಮಾರನೆಯ ವಾರವೇ ಅವನು ಹೊಲದ ಬದುವಿನ ನೀಲಗಿರಿ ಮರಗಳಿಂದ ತೊಡೆಗಾತ್ರದ ಒಂಬತ್ತು ತೊಲೆ ಕಡಿಸಿಕೊಟ್ಟ. ಹಲಗೆಗೆ ಅವಳು ಹೊಸಕೋಟೆಗೆ ಹೋದಳು. ಹಳೇ ಮದ್ರಾಸು ರಸ್ತೆಯಲ್ಲಿ ಮಸ್ತಾನ್ ಎಂಬುವವರ ಹಳೇ ಮರದ ಅಂಗಡಿಯಿತ್ತು. ಫ್ಯಾಕ್ಟರಿಗಳಿಗೆ ಮೆಷಿನು ತುಂಬಿಕೊಂಡು ಬಂದ ಪೆಟ್ಟಿಗೆಗಳನ್ನು ಬಿಚ್ಚಿ ಹಲಗೆ ಮಾರುವ ಅಂಗಡಿ. ಅರವತ್ತು ದಾಟಿದ ಮಸ್ತಾನ್ ಬಿಳಿ ಗಡ್ಡ ನೀವಿಕೊಳ್ಳುತ್ತ ಅವಳ ಕಥೆ ಕೇಳಿದರು. "ಅರೆ ಅಕ್ಕಾ, ಗಂಡಸ್ರೇ ಮಾಡಕ್ಕೆ ಹೆದರ್ತಾರೆ" ಎಂದವರೇ ಎದ್ದು ನಿಂತು ಮೊಳೆ ಕೀಳುವುದು, ಗರಗಸವನ್ನು ಒತ್ತದೆ ಎಳೆಯುವುದು, ಹಲಗೆ ಸೀಳದಂತೆ ಮೊಳೆಯ ತುದಿ ಮೊದಲೇ ಜಜ್ಜಿಕೊಳ್ಳುವುದು ಎಲ್ಲ ತೋರಿಸಿದರು. ಮಟ್ಟ ನೋಡಲು ಒಂದು ಉದ್ದನೆಯ ಪಾರದರ್ಶಕ ಪೈಪು ಕೊಟ್ಟರು. "ಇದರೊಳಗೆ ನೀರು ತುಂಬು. ಈ ತುದಿ ಈ ಕಂಬಕ್ಕೆ, ಆ ತುದಿ ಆ ಕಂಬಕ್ಕೆ. ಎರಡೂ ಕಡೆ ನೀರು ಎಲ್ಲಿ ನಿಲ್ಲುತ್ತೋ ಅದೇ ಮಟ್ಟ. ಮನುಷ್ಯ ಸುಳ್ಳು ಹೇಳ್ತಾನೆ, ನೀರು ಹೇಳಲ್ಲ."

ಒಂದು ವಿಷಯದಲ್ಲಿ ಮಾತ್ರ ಅವಳು ಅವರ ಮಾತು ಕೇಳಲಿಲ್ಲ. ತೊಲೆಯನ್ನು ಕಂಬದಿಂದ ಕಂಬಕ್ಕೆ ತುಂಡು ಮಾಡಿ ಜೋಡಿಸು, ಕೆಲಸ ಸಲೀಸು ಎಂದಿದ್ದರು ಮಸ್ತಾನ್. ಜೋಡಣೆಯೆಂದರೆ ಅವಳಿಗೆ ಭಯ. ಬಟ್ಟೆಯಾದರೆ ತಪ್ಪಿದ್ದನ್ನು ಬಿಚ್ಚಿ ಹೊಲಿಯಬಹುದು, ಮರಕ್ಕೆ ಹಾಗಿಲ್ಲ. ಅದಕ್ಕೆ ಹನ್ನೆರಡಡಿಯ ತೊಲೆಗಳನ್ನು ತುಂಡರಿಸದೆ, ಕೊಟ್ಟಿಗೆಯ ಎರಡೂ ಮಣ್ಣುಗೋಡೆಗಳಲ್ಲಿ ಗೂಡು ಕೊರೆದು, ತುದಿಗಳನ್ನು ಮೊಣಕೈಯುದ್ದ ಒಳಕ್ಕೆ ಸೇರಿಸುವುದೆಂದು ತೀರ್ಮಾನಿಸಿದಳು. ನಡುವೆ ಒಂದೊಂದು ತೊಲೆಗೆ ಎರಡೆರಡು ಕಂಬ. ಫೋನಿನಲ್ಲಿ ಫೋಟೋ ನೋಡಿದ ಮಸ್ತಾನ್ "ಇದೇನಕ್ಕ, ಡಬಲ್ ಹೊಲಿಗೆ ಹಾಕ್ಬಿಟ್ಟಿದೀಯಲ್ಲ" ಎಂದು ನಕ್ಕರು.

ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಕೊಟ್ಟಿಗೆಯ ಬಾಗಿಲು ಪಡುವಲಕ್ಕೆ. ಅಲ್ಲಿಂದ ಮೂಡಲ ತುದಿಗೆ ಮೂವತ್ತಡಿ. ಪಡುವಲ ಕಡೆ ದನಗಳಿಗೆ ಮೇವು ಹಾಕುವ ಹಳೆಯ ಗೊಂತು, ಹಗ್ಗ ಸವೆಸಿದ ಗೂಟಗಳು ಹಾಗೇ ಇದ್ದವು. ಮೂಡಲ ಕಡೆ ಒಂದು ಗೂಟವೂ ಇರಲಿಲ್ಲ.

"ಆ ಕಡೆ ದನ ಕಟ್ತಿರಲಿಲ್ವಾ?" ಎಂದು ವಸಂತನನ್ನು ಕೇಳಿದಳು.

"ಕಟ್ಟಿದ್ರೆ ಹಗ್ಗ ಕಿತ್ಕೊಂಡು ಈಚೆ ಬಂದ್ಬಿಡ್ತಿದ್ವು. ಅದಕ್ಕೇ ಅಲ್ಲಿ ಹುಲ್ಲು ಒಟ್ಟೋರು" ಎಂದು ಅವನು ಮಗ್ಗುಲು ಬದಲಿಸಿ ಮಲಗಿದ.

ಅವಳು ಹಾರೆ ಹಿಡಿದು ಕಂಬದ ಗುಂಡಿ ತೋಡುತ್ತ ಹೋದಳು. ಮೂಡಲ ಕಡೆಯ ನಾಲ್ಕು ಗುಂಡಿಗಳಲ್ಲಿ ಒಂದಡಿಗೇ ಹಾರೆ ಠಣ್ಣೆಂದಿತು. ಬಂಡೆ ಸಿಕ್ಕಿತೆಂದು ಸಂತೋಷಪಟ್ಟಳು. ಬಂಡೆಯ ಮೇಲೆ ನಿಂತ ಕಂಬಕ್ಕಿಂತ ಗಟ್ಟಿ ಇನ್ನೇನಿದೆ? ಆದರೂ ಆ ಠಣ್ ಸದ್ದು ಎಲ್ಲಿಗೋ ಹೋಗಿ ಬಂದ ಹಾಗೆ ಒಂದು ಕ್ಷಣ ಹೆಚ್ಚಿಗೆ ನಿಂತಿತು. ಪೊಳ್ಳು ಗಡಿಗೆಗೆ ಬಾಯಿಟ್ಟು ಕೂಗಿದಂತೆ.

ಹಗಲಿನ ಕೆಲಸವಾದ್ದರಿಂದ ಭಯಕ್ಕೆ ಎಡೆಯಿಲ್ಲವೆಂದೇ ಅವಳು ತಿಳಿದಿದ್ದಳು. ಆದರೆ ಮಟಮಟ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಆ ಊರು ಊರಾಗಿರುತ್ತಿರಲಿಲ್ಲ. ದುಡಿಯುವವರು ದೇವನಹಳ್ಳಿಗೆ ಹೋಗಿರುತ್ತಿದ್ದರು, ಉಳಿದವರು ಮಲಗಿರುತ್ತಿದ್ದರು. ನಾಯಿಗಳೂ ಉಸಿರೆತ್ತುತ್ತಿರಲಿಲ್ಲ. ಹೆಂಚಿನ ಸಂದಿನಿಂದ ಬಿಸಿಲಿನ ಕೋಲುಗಳು ನೆಲಕ್ಕೆ ನೆಟ್ಟಗೆ ಇಳಿದಿರುತ್ತಿದ್ದವು. ಅಂಥ ಹೊತ್ತಿನಲ್ಲಿ ಮೊದಲ ಬಾರಿ ಪೈಪಿನ ನೀರು ನಡುಗಿತು.

ಒಂದು ತುದಿ ಪಡುವಲ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಮೂಡಲ ಕಂಬಕ್ಕೆ ಹಿಡಿದಿದ್ದಳು. ಕೈ ಅಲುಗುತ್ತಿದೆಯೇನೋ ಎಂದು ಪೈಪನ್ನು ಕಂಬಕ್ಕೇ ದಾರದಿಂದ ಬಿಗಿದಳು. ನೀರು ನಿಲ್ಲಲಿಲ್ಲ. ಕಾಯಿಲೆಯವರ ನಾಡಿಯಂತೆ ಸಣ್ಣಗೆ ಮೇಲೆ ಕೆಳಗೆ ಮಿಡಿಯುತ್ತಿತ್ತು.

"ಏರೋಪ್ಲೇನು ಕಣೇ" ಎಂದ ವಸಂತ್. "ಮೇಲೆ ಹೋದ್ರೆ ಅಡಿಗೆಮನೆ ಪಾತ್ರೆನೇ ಅದುರ್ತವೆ."

ಮಾರನೆಯ ದಿನ ಅವಳು ಕಾದು ನೋಡಿದಳು. ವಿಮಾನ ಹೋಯಿತು, ನೀರು ಅದುರಿತು. ವಿಮಾನ ಹೋಗಿ ಬಹಳ ಹೊತ್ತಾಯಿತು. ನೀರು ಇನ್ನೂ ಅದುರುತ್ತಲೇ ಇತ್ತು.

ಆಮೇಲೆ ಮಟ್ಟ ತಪ್ಪತೊಡಗಿತು. ನಿನ್ನೆ ಸಂಜೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗೆ ಇಂದು ಬೆಳಿಗ್ಗೆ ಮೂಡಲ ಕಂಬಗಳು ಅರ್ಧ ಬೆರಳು ತಗ್ಗಿನಲ್ಲಿರುತ್ತಿದ್ದವು. ಕಂಬದ ತಲೆಗೂ ತೊಲೆಗೂ ನಡುವೆ ಬೆಳಕು ಕಾಣುತ್ತಿತ್ತು. ಅವಳು ಸಣ್ಣ ಚಕ್ಕೆ ತುರುಕಿ ಸರಿಮಾಡುವಳು, ಮರುದಿನ ಮತ್ತೆ ಬೆಳಕು. ಹತ್ತೊಂಬತ್ತು ವರ್ಷ ಅಳತೆ ತಪ್ಪದವಳಿಗೆ ತನ್ನ ಕೈಮೇಲೇ ಅನುಮಾನ ಬಂತು. ತಾನು ಕಲಿಯದವಳು, ಗೆರೆ ತಪ್ಪಾಗಿ ಎಳೆದಿರಬೇಕು ಎಂದುಕೊಂಡಳು. ಯಾರಿಗೂ ಹೇಳಲಿಲ್ಲ.

ಹೇಳದಿದ್ದರೂ ಒಬ್ಬರು ಬಂದು ನಿಲ್ಲುತ್ತಿದ್ದರು. ಅಪ್ಪಯ್ಯಣ್ಣ ಮಾವನ ಅಣ್ಣ, ಎಂಬತ್ತೈದರ ಹತ್ತಿರದ ಮುದುಕ, ಪಕ್ಕದ ಮನೆ. ದಿನವೂ ಮಧ್ಯಾಹ್ನ ಕೋಲೂರಿಕೊಂಡು ಹಿತ್ತಲು ದಾಟಿ ಬರುತ್ತಿದ್ದರು. ಹೊಸಿಲಾಚೆಗೇ ನಿಲ್ಲುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ.

"ಎಲ್ಲಿಗೆ ಬಂತವ್ವಾ ಕೆಲ್ಸ?"

"ಅರ್ಧ ಆಯ್ತು ದೊಡ್ಡಮಾವ. ಬನ್ನಿ, ಹತ್ತಿ ನೋಡಿ."

"ಬೇಡ ಬೇಡ. ಅರ್ಧಕ್ಕೇ ಸಾಕು ಮಾಡಲ್ವಾ? ಹನ್ನೆರಡು ಮೇಕೆಗೆ ಎಷ್ಟು ಜಾಗ ಬೇಕು?"

"ತೊಲೆ ಎಲ್ಲಾ ಕಡಿಸಾಗಿದೆಯಲ್ಲ."

ಮುದುಕ ತಲೆ ತಗ್ಗಿಸಿ ಕೋಲಿನ ತುದಿಯಿಂದ ಮಣ್ಣು ಕೆದಕುತ್ತಿದ್ದರು. ಹೋಗುವಾಗ ತಿರುಗಿ, "ಮೂಡಲ ಕಡೆ ಜೋರಾಗಿ ಬಡೀಬೇಡವ್ವಾ" ಎನ್ನುತ್ತಿದ್ದರು. ವಸಂತನ ನಿದ್ದೆಗೆ ತೊಂದರೆಯಾಗುತ್ತದೆಂದು ಹೇಳುತ್ತಾರೆಂದೇ ಅವಳು ಅಂದುಕೊಂಡಳು.

ಬಡಿಯದೆ ಹಲಗೆ ಕೂರುವುದು ಹೇಗೆ? ಏಳನೆಯ ತೊಲೆ ದಾಟಿದ ದಿನ ಅವಳು ಮೊಳೆಗೆ ಮೂರು ಏಟು ಹಾಕಿ ಕೈ ನಿಲ್ಲಿಸಿದಳು. ನಾಲ್ಕನೆಯ ಏಟು ಕೇಳಿಸಿತು.

ಸುತ್ತಿಗೆ ಅವಳ ಕೈಯಲ್ಲೇ ಇತ್ತು, ಗಾಳಿಯಲ್ಲಿ. ಸದ್ದು ಬಂದದ್ದು ಕೆಳಗಿನಿಂದ. ಬಹಳ ಕೆಳಗಿನಿಂದ.

ಇನ್ನೊಮ್ಮೆ ಹೊಡೆದಳು, ಒಂದೇ ಏಟು. ಕಾದಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಏನಿಲ್ಲ. ಆಮೇಲೆ ಟಪ್ ಎಂದಿತು. ಯಾರೋ ಗಮನವಿಟ್ಟು ಕೇಳಿಸಿಕೊಂಡು, ಯೋಚಿಸಿ, ಉತ್ತರ ಕೊಟ್ಟ ಹಾಗೆ. ವಾಣಿಶ್ರೀ ಸುತ್ತಿಗೆ ಕೆಳಗಿಟ್ಟಳು. ಅಟ್ಟಣಿಗೆಯಿಂದ ಇಳಿದು ಬಗ್ಗಿ ಕೆಳಗೆ ನೋಡಿದಳು. ಕಂಬಗಳು, ಬಿಸಿಲಿನ ಕೋಲುಗಳು, ಮರದ ಹೊಟ್ಟು. ಬೇರೇನೂ ಇಲ್ಲ.

ಅಂದು ಸಂಜೆ ತಂಗಿಯ ಊರಿನಿಂದ ಮೊದಲೇ ತಂದಿಟ್ಟಿದ್ದ ಎರಡು ಮೇಕೆಗಳನ್ನು ಅಟ್ಟಣಿಗೆಗೆ ಹತ್ತಿಸಿದಳು. ಜೊತೆಗೆ ಜೀವವಿದ್ದರೆ ಧೈರ್ಯವೆಂದು. ಪಡುವಲ ಕಡೆ ಟಕಟಕನೆ ಕುಣಿದಾಡಿದವು. ಆರನೆಯ ತೊಲೆಯವರೆಗೆ ಹೋದವು. ಅಲ್ಲಿ ಎರಡೂ ಒಟ್ಟಿಗೆ ನಿಂತವು, ಕಿವಿ ಮುಂದಕ್ಕೆ ಮಾಡಿ, ಬೆಳೆದ ಮೇಕೆಗಳು ಮರಿಗಳ ಹಾಗೆ ಒಂದರ ಹೊಟ್ಟೆಗೆ ಇನ್ನೊಂದು ಒತ್ತಿಕೊಂಡು. ಹಲಸಿನ ಸೊಪ್ಪು ತೋರಿಸಿ ಕರೆದರೂ ಹೆಜ್ಜೆ ಎತ್ತಲಿಲ್ಲ.

ಆ ರಾತ್ರಿ ಮಲಗಿದಾಗ ಬಿಟ್ಟುಬಿಡಬೇಕೆನ್ನಿಸಿತು. ಬೆಳಗಾದಾಗ ಬಿಡಲು ಮನಸ್ಸು ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಕಾಲರಲ್ಲದೆ ಪೂರ್ತಿ ಒಂದು ವಸ್ತು ಅವಳ ಕೈಯಿಂದ ಮೇಲೇಳುತ್ತಿತ್ತು. ಉಳಿದಿದ್ದದ್ದು ಕೊನೆಯ ನಾಲ್ಕು ಹಲಗೆ.

ಮಧ್ಯಾಹ್ನ ಹನ್ನೆರಡೂವರೆ. ಅವಳು ಮೂಡಲ ಮೂಲೆಯಲ್ಲಿ ಮಂಡಿಯೂರಿ ಮೂರನೆಯ ಹಲಗೆಗೆ ಮೊಳೆ ಹೊಡೆಯುತ್ತಿದ್ದಳು. ಹಲಗೆಯ ಮೇಲೆ ಗರಗಸದ ಹೊಟ್ಟು ಹರಡಿತ್ತು. ನೋಡುತ್ತಿದ್ದಂತೆ ಸಂದಿನ ಅಂಚಿನ ಹೊಟ್ಟು ಕೆಳಗೆ ಬೀಳುವ ಬದಲು ಮೇಲಕ್ಕೆ ಎದ್ದಿತು. ಬಿಸಿಲಿನ ಕೋಲಿನಲ್ಲಿ ಚಿನ್ನದ ಪುಡಿಯಂತೆ ನಿಧಾನವಾಗಿ ಸುತ್ತುತ್ತ ಅವಳ ಮುಖದ ಮಟ್ಟಕ್ಕೆ ಬಂದು ನಿಂತಿತು. ಜೊತೆಗೆ ತಣ್ಣನೆಯ ಗಾಳಿ. ಪಾಚಿಯ, ಹಳೆಯ ನೀರಿನ, ಎಂದೋ ಮುಚ್ಚಿಟ್ಟ ಪಾತ್ರೆಯ ವಾಸನೆ. ಕೆಳಗೆ ಯಾವುದೋ ದೊಡ್ಡ ಪ್ರಾಣಿ ಬಹಳ ದಿನ ಹಿಡಿದಿದ್ದ ಉಸಿರನ್ನು ಬಿಟ್ಟಂತಾಯಿತು.

ಅವಳು ಏಳಬೇಕೆನ್ನುವಷ್ಟರಲ್ಲಿ ನೆಲ ಬಿರಿಯಿತು.

ಸದ್ದು ದೊಡ್ಡದಲ್ಲ. ಕಲ್ಲು ಮುರಿದ ಒಂದು ಕಟಕ್, ಆಮೇಲೆ ಮಣ್ಣು ಜಾರುವ ಸುಯ್ ಎನ್ನುವ ಸದ್ದು. ಅವಳ ಕೆಳಗಿನ ನಾಲ್ಕು ಕಂಬಗಳು ಒಂದೊಂದಾಗಿ ಮಾಯವಾದವು. ಅಟ್ಟಣಿಗೆ ಒಮ್ಮೆ ಗಕ್ಕನೆ ತಗ್ಗಿ, ನರಳಿ, ನಿಂತಿತು. ಕೆಳಗೆ ಆಧಾರವೆಂಬುದೇ ಇರಲಿಲ್ಲ. ಅವಳನ್ನು ಹಿಡಿದಿದ್ದದ್ದು ಗೋಡೆಯಿಂದ ಗೋಡೆಗೆ ತುಂಡಾಗದೆ ಹೋಗಿದ್ದ ಆ ಎರಡು ನೀಲಗಿರಿ ತೊಲೆಗಳು ಮಾತ್ರ.

ಅವಳು ಬೋರಲು ಬಿದ್ದಿದ್ದಳು. ಕೆನ್ನೆ ಹಲಗೆಗೆ ಒತ್ತಿತ್ತು, ಒಂದು ಕಣ್ಣು ಸರಿಯಾಗಿ ಸಂದಿನ ಮೇಲೆ. ಕೆಳಗೆ ದುಂಡನೆಯ ಕಪ್ಪು. ಅಂಚಿನಲ್ಲಿ ಕಲ್ಲು ಕಟ್ಟಿದ ಸುತ್ತುಗಳು, ಇಳಿಯುತ್ತ ಇಳಿಯುತ್ತ ಕಾಣದಾಗುತ್ತಿದ್ದವು. ಬಾವಿ. ಬಿದ್ದ ಕಂಬಗಳು ತಳ ಮುಟ್ಟಿದ ಸದ್ದಿಗೆ ಅವಳು ಕಾದಳು. ಸದ್ದು ಬರಲಿಲ್ಲ. ಬಂದದ್ದು ಇನ್ನೊಂದು. ಮೂಗಿನಿಂದ ಹೊರಟ, ಉದ್ದನೆಯ, ತೇವದ ಉಸಿರು. ಒಮ್ಮೆ. ಸ್ವಲ್ಪ ತಡೆದು ಮತ್ತೊಮ್ಮೆ. ಕೊಟ್ಟಿಗೆಯಿದ್ದ ಮನೆಯಲ್ಲಿ ಹುಟ್ಟಿ ಬೆಳೆದ ವಾಣಿಶ್ರೀಗೆ ಆ ಉಸಿರು ಯಾವುದರದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಏಳಲೆಂದು ಎರಡೂ ಕೈಗಳನ್ನು ಹಲಗೆಗೆ ಊರಿದಳು.

"ಏಳ್ಬೇಡ! ಏಳ್ಬೇಡ ಮಗಾ, ಮಲಗ್ಕೊಂಡೇ ಬಾ!"

ಹೊಸಿಲಿನ ಒಳಗೆ ಅಪ್ಪಯ್ಯಣ್ಣ ನಿಂತಿದ್ದರು. ಕೋಲು ಎಲ್ಲೋ ಬಿದ್ದಿತ್ತು. ಎರಡೂ ಕೈಗಳಿಂದ ಗೊಂತಿನ ಕಲ್ಲು ಹಿಡಿದುಕೊಂಡು ಅಟ್ಟಣಿಗೆಯ ಪಕ್ಕದಲ್ಲೇ ಒಳಗೊಳಗೆ ಬರುತ್ತಿದ್ದರು.

"ಕೆಳಗೆ ನೋಡ್ಬೇಡ. ನನ್ ಮುಖ ನೋಡು. ಹೊಟ್ಟೆ ಮೇಲೆ ತೆವಳು. ಹಲಗೆ ಬಿಟ್ಟು ಆಚೆ ಹೋಗ್ಬೇಡ. ಹಂಗೇ... ಬಾ ಮಗಾ..."

ಅವಳು ತೆವಳಿದಳು. ಒಂದೊಂದು ಹಲಗೆಗೂ ಒಂದೊಂದು ನರಳಾಟ. ಏಳನೆಯ ತೊಲೆ ಮುಟ್ಟಿದಾಗ ಮುದುಕನ ಕೈ ಅವಳ ರೆಟ್ಟೆ ಹಿಡಿಯಿತು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ಅವಳು ಎಣಿಸಿರಲಿಲ್ಲ.

ಹಿತ್ತಲಿನ ನುಗ್ಗೆಮರದ ಕೆಳಗೆ ಅವಳನ್ನು ಕೂರಿಸಿ, ನೀರು ಕುಡಿಸಿ, ತಾವೂ ಕುಸಿದು ಕೂತರು. ಗದ್ದಲಕ್ಕೆ ಎದ್ದ ವಸಂತ್ ಬನಿಯನ್ನಿನಲ್ಲೇ ಓಡಿಬಂದು ನಿಂತ. ಅಪ್ಪಯ್ಯಣ್ಣ ಯಾರ ಮುಖವನ್ನೂ ನೋಡದೆ ಹೇಳತೊಡಗಿದರು.

"ನನಗೆ ಆಗ ಹದಿನೇಳು ಹದಿನೆಂಟಿರಬಹುದು. ನಿಮ್ಮಪ್ಪ ಇನ್ನೂ ತೊಟ್ಟಿಲ ಕೂಸು ಕಣೋ ವಸಂತ. ಆಗಿಲ್ಲಿ ಕೊಟ್ಟಿಗೆ ಇರಲಿಲ್ಲ, ಸೇದೋ ಬಾವಿ ಇತ್ತು. ನೀರು ಬತ್ತಿ ಕೆಸರಾಗಿತ್ತು. ನಮ್ಮನೆ ಎಮ್ಮೆ ಒಂದಿನ ಮಧ್ಯಾಹ್ನ ಒಳಗೆ ಬಿದ್ಬಿಡ್ತು. ಗಬ್ಬದ ಎಮ್ಮೆ. ಊರೋರೆಲ್ಲ ಸೇರಿ ಹಗ್ಗ ಬಿಟ್ವಿ. ಎಳೆದಾಗೆಲ್ಲ ಬಾವಿ ಗೋಡೆ ಕುಸಿಯೋದು. ಇಳಿದವನಿಗೆ ಕಾಲು ಮುರೀತು. ಮೂರು ದಿನ ಅದು ಕೂಗ್ತು. ಊರಲ್ಲಿ ಯಾರೂ ಉಣ್ಣಲಿಲ್ಲ. ಮೂರನೇ ದಿನ ಕೂಗು ನಿಲ್ತು. ಸತ್ತೋಯ್ತು, ವಾಸ್ನೆ ಬರೋಕ್ ಮುಂಚೆ ಮುಚ್ಬಿಡಿ ಅಂದ್ರು ಹಿರೀಕ್ರು. ಮಕ್ಕಳು ಮರಿ ಓಡಾಡೋ ಜಾಗ. ಚಪ್ಪಡಿ ತಂದು ಹಾಸಿದ್ವಿ. ಕೊನೇ ಚಪ್ಪಡಿ ಎಳೆದೋನು ನಾನು."

ಅವಳು ಕುಡಿದುಳಿಸಿದ ನೀರನ್ನು ನುಗ್ಗೆಮರದ ಬುಡಕ್ಕೆ ಸುರಿದರು.

"ಎಳೆಯೋವಾಗ ಬಗ್ಗಿ ನೋಡಿದೆ. ಉಸಿರಾಡ್ತಿತ್ತು."

"ಯಾರಿಗೂ ಹೇಳ್ಲಿಲ್ವಾ?" ಎಂದ ವಸಂತ್.

"ಎಲ್ಲಾರೂ ಸುಸ್ತಾಗಿದ್ರು ಕಣೋ. ನಾನೂ ಸುಸ್ತಾಗಿದ್ದೆ. ಎಳೆದ್ಬಿಟ್ಟೆ." ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. "ಭಾಗ ಆದಾಗ ಈ ಕಡೆ ನಿಮ್ಮಪ್ಪನಿಗೆ ಬಂತು. ಊರಲ್ಲಿ ಯಾರೂ ಆ ಮಾತೇ ಎತ್ತುತ್ತಿರಲಿಲ್ಲ, ಅವನಿಗೆ ಬಾವಿ ಇತ್ತು ಅಂತಾನೇ ಗೊತ್ತಿಲ್ಲ, ಅದ್ರ ಮೇಲೇ ಕೊಟ್ಟಿಗೆ ಕಟ್ಕೊಂಡ. ಹೇಳೋಣ ಅಂತ ಎಷ್ಟೋ ಸಲ ಬಂದೆ. ಹೇಳಿದ್ರೆ ಬಾವಿ ಮಾತ್ರ ಹೇಳಿ ನಿಲ್ಸಕ್ಕಾಗ್ತಿರಲಿಲ್ಲ, ಅದನ್ನೂ ಹೇಳ್ಬೇಕಾಗಿತ್ತು. ಇವತ್ತು ನಿನ್ ಜೀವ ಹೋಗಿದ್ರೆ ಅದೂ ನನ್ ತಲೆ ಮೇಲೇ ಇರೋದು ಕಣವ್ವ."

ವಾಣಿಶ್ರೀ ತಾನು ಕೇಳಿದ ಉಸಿರಿನ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಮುದುಕ ಅವಳ ಮುಖದಲ್ಲೇ ಅದನ್ನು ನೋಡಿ ಕಣ್ಣು ತಗ್ಗಿಸಿದರು.

ಬಾವಿ ಮುಚ್ಚಿಸಲು ಮಣ್ಣು, ಕಲ್ಲು ತುಂಬಿದ ಟ್ರ್ಯಾಕ್ಟರುಗಳು ಬಂದವು. ತುಂಬುವ ಮೊದಲು ವಸಂತ್ ದೊಡ್ಡ ಟಾರ್ಚಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ತಳದಲ್ಲಿ ಒಣಗಿದ ಕೆಸರು, ಮುರಿದ ಚಪ್ಪಡಿ, ನಾಲ್ಕು ಕಂಬ ಕಂಡವು. ಮೂಳೆ ಕಾಣಲಿಲ್ಲ. "ಕೆಸರಲ್ಲಿ ಹೂತ್ಕೊಂಡಿರುತ್ತೆ ಬಿಡಿ" ಎಂದ ಟ್ರ್ಯಾಕ್ಟರಿನವನು. ಏಳು ಲೋಡು ಸಾಕೆಂದು ಲೆಕ್ಕ ಹಾಕಿದ್ದ ಅವನೇ ಹನ್ನೆರಡನೆಯ ಲೋಡಿಗೆ ಗಾಡಿಯಿಂದಿಳಿದು ಬಂದು ಬಗ್ಗಿ ನೋಡಿದ. ಹತ್ತೊಂಬತ್ತನೆಯ ಲೋಡಿಗೆ ಬಾವಿ ತುಂಬಿತು.

ಒಂದು ಮಳೆಗಾಲ ಮಣ್ಣು ಕೂರಲು ಬಿಟ್ಟು, ದಸರಾ ಕಳೆದ ಮೇಲೆ ವಾಣಿಶ್ರೀ ಮತ್ತೆ ಸುತ್ತಿಗೆ ಹಿಡಿದಳು. ಮಸ್ತಾನ್ ಹೊಸಕೋಟೆಯಿಂದ ತಾವೇ ಬಂದರು. ಬಾವಿಯ ಮೇಲೆ ಚಾಚಿ ನಿಂತಿದ್ದ ತೊಲೆಗಳನ್ನು ತಟ್ಟಿ, "ಇನ್ಮೇಲೆ ನಾನೂ ತುಂಡು ಮಾಡ್ಸಲ್ಲ ಅಕ್ಕಾ" ಎಂದರು. ಈಗ ಅಲ್ಲಿ ಹದಿನಾಲ್ಕು ಮೇಕೆಗಳಿವೆ. ಸುತ್ತಲಿನ ಊರುಗಳ ನಾಲ್ಕಾರು ಹೆಂಗಸರು ಅಟ್ಟಣಿಗೆ ನೋಡಿಕೊಂಡು ಹೋಗಿ, ತಮಗೂ ಕಟ್ಟಿಕೊಡು ಎಂದು ಅವಳನ್ನು ಕರೆಸಿಕೊಂಡಿದ್ದಾರೆ. ಕತ್ತಿನ ನೋವು ಬರುತ್ತದೆ, ಹೋಗುತ್ತದೆ.

ಅಪ್ಪಯ್ಯಣ್ಣ ಈಗ ದಿನವೂ ಕೊಟ್ಟಿಗೆಯ ಒಳಗೇ ಬಂದು ಕೂರುತ್ತಾರೆ. ಮೇಕೆಗಳಿಗೆ ಸೊಪ್ಪು ಹಿಡಿಯುತ್ತಾರೆ. ಒಂದು ಮಧ್ಯಾಹ್ನ ಹೀಗೇ ಕೂತಿದ್ದಾಗ ವಾಣಿಶ್ರೀ ಸಹಜವಾಗಿ ಕೇಳಿದಳು. "ದೊಡ್ಡಮಾವ, ಆ ಎಮ್ಮೆಗೆ ಹೆಸರಿತ್ತಾ?"

"ಇಲ್ದೆ ಏನು? ಇತ್ತು."

"ಏನಂತ ಕರೀತಿದ್ರಿ?"

ಮುದುಕ ಸೊಪ್ಪನ್ನು ಮಡಿಲಿಗೆ ಇಳಿಸಿದರು. ಮೂಡಲ ಕಡೆ ಒಮ್ಮೆ ನೋಡಿ, ಅವಳ ಹತ್ತಿರಕ್ಕೆ ಬಗ್ಗಿ ದನಿ ತಗ್ಗಿಸಿದರು.

"ಹೆಸರು ಹಿಡಿದು ಕೂಗಿದ್ರೆ ಎಲ್ಲಿದ್ರೂ ಬಂದ್ಬಿಡ್ತಿತ್ತು ಕಣವ್ವ. ಅದಕ್ಕೇ ಹೇಳಲ್ಲ."